ಬಿಚ್ಚಲು ಬರುವಂತೆ ಕಟ್ಟುವ ಮಂಜಯ್ಯ

ಬೆಳಗಿನ ಆರು ಗಂಟೆ ಐದು ನಿಮಿಷ. ಕೋಟದ ಹೆದ್ದಾರಿಯಿಂದ ತುಸು ಒಳಗಿರುವ ಹಳೆಯ ಅಕ್ಕಿ ಗಿರಣಿಯ ಕಬ್ಬಿಣದ ಬಾಗಿಲನ್ನು ಭುಜ ಕೊಟ್ಟು ತಳ್ಳಿ ಮಂಜಯ್ಯ ಒಳಗೆ ಬರುತ್ತಾರೆ. ಅಂಗಿ ಕಳಚಿ ಮೊಳೆಗೆ ಸಿಕ್ಕಿಸುತ್ತಾರೆ. ತೊಲೆಗೆ ನೇತುಬಿಟ್ಟಿರುವ, ಮೀನು ತೂಗುವಂಥ ಕೊಕ್ಕೆ ತಕ್ಕಡಿಗೆ ಒಂದು ಮೊಳ ಉದ್ದದ ಮರದ ತುಂಡನ್ನು ಸಿಕ್ಕಿಸಿ, ಅದು ತೂಗಾಡುವುದು ನಿಲ್ಲುವವರೆಗೆ ಕೈಕಟ್ಟಿ ಕಾಯುತ್ತಾರೆ. ಆಮೇಲೆ ಸೀಮೆಸುಣ್ಣದಿಂದ ಗೋಡೆಯ ಮೇಲೆ ನಿನ್ನೆಯ ಅಂಕಿಯ ಕೆಳಗೆ ಇವತ್ತಿನದನ್ನು ಬರೆಯುತ್ತಾರೆ. ಹತ್ತು ಗ್ರಾಂ ಕಡಿಮೆಯಾಗಿದೆ. ಅಂದರೆ ಮರ ಇನ್ನೂ ಒಣಗುತ್ತಿದೆ.

"ಮೂರ್ ದಿನ ಒಂದೇ ತೂಕ ಬಂದ್ರೆ ಮರ ಒಣ್ಗಿತ್ ಅಂದ್ ಲೆಕ್ಕ. ಅಷ್ಟರ ಮೊದ್ಲ್ ಉಳಿ ಹಾಕುಕಾಗ" ಎನ್ನುತ್ತಾರೆ. ತಮ್ಮಷ್ಟಕ್ಕೆ ನಗುತ್ತಾರೆ. "ಮೀನ್ ಹಸಿ ಇದ್ರೆ ಲಾಯ್ಕ್. ಮರ ಹಸಿ ಇದ್ರೆ ಆತಿಲ್ಲೆ."

ಮಂಜಯ್ಯನವರಿಗೆ ಅರವತ್ತೊಂದು ವರ್ಷ. ಕುಂದಾಪುರದ ಕೋಡಿಯವರು. ಈ ಗಿರಣಿಯಲ್ಲಿ ಈಗ ಅಕ್ಕಿಯಿಲ್ಲ, ಮನೆಗಳಿವೆ. ಇಡೀ ಮನೆಯಲ್ಲ, ಮನೆಯ ಗೋಡೆಗಳು ತುಂಡು ತುಂಡಾಗಿ ಸಾಲಾಗಿ ಒರಗಿ ನಿಂತಿವೆ. ಒಂದೊಂದು ತುಂಡೂ ಮೂರಡಿ ಅಗಲ, ಎಂಟಡಿ ಎತ್ತರ. ಒಳಗೆ ಮರದ ಚೌಕಟ್ಟು, ಎರಡೂ ಮೈಗೆ ಹಲಗೆ, ನಡುವೆ ಸೆಕೆ ತಡೆಯಲು ತೆಂಗಿನ ನಾರು. ಕೆಲವು ತುಂಡುಗಳಲ್ಲಿ ಕಿಟಕಿ, ಕೆಲವದರಲ್ಲಿ ಬಾಗಿಲು. ಇಂಥ ಮೂವತ್ತೇಳು ತುಂಡು ಸೇರಿದರೆ ಹದಿನೆಂಟಕ್ಕೆ ಇಪ್ಪತ್ತನಾಲ್ಕು ಅಡಿಯ ಒಂದು ಮನೆ. ಮೊಣಕಾಲೆತ್ತರದ ಮೋಟು ಕಂಬಗಳ ಮೇಲೆ ನೆಲದ ಹಲಗೆ ಹಾಸಿ, ತುಂಡುಗಳನ್ನು ಒಂದಕ್ಕೊಂದು ಕೂಡಿಸಿ, ಸಂದಿಗೆ ಮರದ ಬೆಣೆ ಹೊಡೆದು, ಮೇಲೆ ಹಂಚು ಹೊದೆಸಿದರೆ ಆಯಿತು. ಆರು ದಿನದ ಕೆಲಸ. ಹೊಳೆಯ ಮರಳು ಒಂದು ಬುಟ್ಟಿಯೂ ಬೇಡ. ಮರ ಹೆಚ್ಚಿನದು ಇಲ್ಲೇ ಗುಡ್ಡದ ಮೇಲೆ ಬೆಳೆದ ಅಕೇಶಿಯಾ, ಹಂಚು ಎಲ್ಲೋ ಕೆಡವಿದ ಮನೆಯದು.

ಇಲ್ಲಿ ತುಂಡಿನ ಭಾರ ಐವತ್ತು ಕಿಲೋ ದಾಟುವ ಹಾಗಿಲ್ಲ. ಇಬ್ಬರು ಹೆಂಗಸರು ಎತ್ತಿಕೊಂಡು ನಡೆಯುವಂತಿರಬೇಕು ಎಂಬುದು ಈ ಕಾರ್ಖಾನೆಯ ಕಾನೂನು. ಯಾಕೆಂದರೆ ಈ ಮನೆಗಳು ಹೆಚ್ಚಾಗಿ ಹೋಗುವುದು ಕಡಲ ಕರೆಗೆ, ಅಂದರೆ ದಂಡೆಗೆ. ಕಡಲು ಹತ್ತಿರ ಬಂದ ದಿನ ಮನೆಯನ್ನು ಬಿಚ್ಚಿ, ಹೊತ್ತು, ಹಿಂದಕ್ಕೆ ಒಯ್ದು ಮತ್ತೆ ಕಟ್ಟಬೇಕು.

ಐವರು ಸೇರಿ ದಿನಕ್ಕೆ ಎರಡು ತುಂಡು, ಬಿಸಿಲು ಒಳ್ಳೆಯದಿದ್ದರೆ ಮೂರು ಮುಗಿಸುತ್ತಾರೆ. ಮಂಜಯ್ಯನವರೊಬ್ಬರೇ ದಿನಕ್ಕೆ ಅರವತ್ತು ಬೆಣೆ ಕೆತ್ತುತ್ತಾರೆ. ಆರು ವರ್ಷದಲ್ಲಿ ಇಲ್ಲಿಂದ ಇಪ್ಪತ್ತಮೂರು ಮನೆಗಳು ಹೊರಬಿದ್ದಿವೆ. ಎಲ್ಲದರ ತುಂಡುಗಳ ನೆತ್ತಿಯ ಮೇಲೂ ಅವರ ಉಳಿಯ ಗುರುತಿದೆ. ಮೂಡಿನ ಗೋಡೆಗೆ 'ಮೂ', ಪಡುವಿನದಕ್ಕೆ 'ಪ', ಬಡಗಿನದಕ್ಕೆ 'ಬ', ತೆಂಕಿನದಕ್ಕೆ 'ತೆ'. ಪಕ್ಕದಲ್ಲಿ ಎಷ್ಟನೆಯದೋ ಅಷ್ಟು ಗೀರು. ಓದು ಬಾರದವರೂ ಗೀರು ಎಣಿಸಬಹುದು.

ಮಂಜಯ್ಯ ಹುಟ್ಟಿನಿಂದ ಮನೆ ಕಟ್ಟುವವರಲ್ಲ, ದೋಣಿ ಕಟ್ಟುವವರು. ಹದಿನಾಲ್ಕನೆಯ ವಯಸ್ಸಿನಲ್ಲಿ ಅಪ್ಪನ ಹಿಂದೆ ಕೋಡಿಯ ಮರಳದಂಡೆಯ ಮೇಲೆ ಕೆಲಸಕ್ಕೆ ಇಳಿದವರು ನಲವತ್ತೊಂದು ದೋಣಿ ಕಟ್ಟಿದ್ದಾರೆ. ಎಲ್ಲ ದೋಣಿಗಳ ಹೆಸರೂ ನೆನಪಿದೆ. ಕೆಲವು ಮಾಲೀಕರ ಹೆಸರು ಮರೆತಿದೆ. ಹೆಬ್ಬಲಸಿನ ಹಲಗೆಯನ್ನು ಬೆಂಕಿಗೆ ಹಿಡಿದು ಬಾಗಿಸುವುದು, ಎರಡು ಹಲಗೆಯ ನಡುವಿನ ಕೂದಲೆಳೆಯ ಸಂದಿಗೆ ಹತ್ತಿಯ ನೂಲು ತುರುಕಿ, ಮೇಲೆ ರಾಳ ಬಳಿದು ನೀರಿನ ಹನಿಯೂ ನುಗ್ಗದಂತೆ ಮುಚ್ಚುವುದು ಅವರ ಕೈಗೆ ಬಂದ ವಿದ್ಯೆ.

ಆಮೇಲೆ ಫೈಬರ್ ದೋಣಿಗಳು ಬಂದವು. ಕೋಡಿಯಲ್ಲಿ ಮರದ ದೋಣಿಯ ಕೆಲಸ ವರ್ಷಕ್ಕೊಂದಾಯಿತು, ಆಮೇಲೆ ಅದೂ ನಿಂತಿತು. ಮಂಜಯ್ಯ ಕುಂದಾಪುರದ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಸೇರಿದರು. ಕಾಂಕ್ರೀಟ್ ಸುರಿಯುವುದಕ್ಕೆ ಮೊದಲು ಹಲಗೆಯ ಅಚ್ಚು ಕಟ್ಟುವುದು, ಕಾಂಕ್ರೀಟ್ ಗಟ್ಟಿಯಾದ ಮೇಲೆ ಕಿತ್ತು ಬಿಸಾಡುವುದು. ಒಂಬತ್ತು ವರ್ಷ ಅದೇ.

"ಒಂಬತ್ ವರ್ಷ ನಾನ್ ಮಾಡಿದ್ದೆಲ್ಲ ಕಿತ್ ಬಿಸಾಡುಕೆ ಮಾಡಿದ್" ಎನ್ನುವಾಗ ಅವರ ದನಿಯಲ್ಲಿ ದೂರಿಲ್ಲ. "ಮನಿಗ್ ಬಂದ್ ಕೂತ್ರೆ, ಇವತ್ತ್ ಎಂತ ಮಾಡ್ದೆ ಅಂದ್ ಕೇಣ್ರೆ, ತೋರ್ಸುಕೆ ಎಂತದೂ ಇಲ್ಲೆ."

ಅವರನ್ನು ಅಲ್ಲಿಂದ ಎಬ್ಬಿಸಿ ತಂದವರು ಬ್ರಹ್ಮಾವರದ ನಿಶ್ಮಿತಾ. ಮಂಗಳೂರಿನಲ್ಲಿ ಕಟ್ಟಡಗಳ ಎಂಜಿನಿಯರ್ ಆಗಿದ್ದು, ಮರದ ಮನೆಯ ಹುಚ್ಚು ಹಿಡಿದು ಊರಿಗೆ ಮರಳಿ ಈ ಗಿರಣಿಯನ್ನು ಬಾಡಿಗೆಗೆ ಹಿಡಿದವರು. ಕೆಲಸಕ್ಕೆ ತಕ್ಕ ಬಡಗಿ ಸಿಗದೆ ಅಲೆಯುತ್ತಿದ್ದಾಗ ಒಮ್ಮೆ ಕುಂದಾಪುರದ ಕಟ್ಟಡವೊಂದರ ಕೆಳಗೆ ನಿಂತು ತಲೆಯೆತ್ತಿ ನೋಡಿದರು. ಸ್ಲ್ಯಾಬಿನ ಅಚ್ಚಿನ ಹಲಗೆಗಳ ನಡುವೆ ಸಿಮೆಂಟಿನ ನೀರು ಒಂದು ಹನಿಯೂ ಜಿನುಗಿರಲಿಲ್ಲ.

"ಈ ಹಲಗಿ ಜೋಡ್ಸಿದ್ ಯಾರ್?" ಎಂದು ಕೇಳಿದರು. ನಾಳೆ ಕೀಳುವ ಹಲಗೆಯನ್ನು ಹೊಗಳುವ ಹೆಂಗಸನ್ನು ನೋಡಿ ಅಲ್ಲಿದ್ದವರೆಲ್ಲ ನಕ್ಕರು. ಮಂಜಯ್ಯ ನಗಲಿಲ್ಲ. ಮುಂದಿನ ಸೋಮವಾರ ಕೋಟದ ಬಸ್ಸು ಹತ್ತಿದರು.

ನಿಶ್ಮಿತಾ ಅವರ ನಾಲ್ಕನೆಯ ಮನೆ ಕಿರಿಮಂಜೇಶ್ವರದ ಕಡಲ ಕರೆಯ ಬೆಳ್ಳಿಯವರದು. ಬೆಳ್ಳಿ ಮೀನು ಮಾರುವವರು. ಗಂಡ ತೀರಿಹೋಗಿ ಬಹಳ ವರ್ಷವಾಗಿದೆ. ಮಗಳು ಮೋಕ್ಷಿತಾ ಬೈಂದೂರಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅವರಿಗೆ ಮೊದಲು ಕೆಂಪು ಕಲ್ಲಿನ, ಕಾಂಕ್ರೀಟ್ ತಾರಸಿಯ ಮನೆಯಿತ್ತು. ಒಂದು ಮಳೆಗಾಲದಲ್ಲಿ ಕಡಲು ಅದರ ಪಾಯವನ್ನು ಕೊರೆದು, ಮನೆಯನ್ನು ಮೊದಲು ಓರೆ ಮಾಡಿ, ಆಮೇಲೆ ಎರಡು ಹೋಳು ಮಾಡಿತು. ಕಲ್ಲಿನ ಮನೆಯನ್ನು ಹೊತ್ತುಕೊಂಡು ಓಡುವುದಕ್ಕಾಗುವುದಿಲ್ಲ. ತಾಯಿ ಮಗಳು ಪಾತ್ರೆ ಮತ್ತು ಬಟ್ಟೆ ಹಿಡಿದು ಹೊರಬಿದ್ದರು.

ಉಳಿದ ಜಾಗದಲ್ಲೇ ಮರದ ಮನೆ ಎದ್ದಾಗ ಬೆಳ್ಳಿಯವರಿಗೂ ಮೊದಮೊದಲು ಸಮಾಧಾನವಿರಲಿಲ್ಲ. "ಹಲಗಿ ಮನಿ ಕಂಡ್ ಕೇರಿಯರೆಲ್ಲ, ಬೆಳ್ಳಕ್ಕ ಗೂಡಂಗ್ಡಿ ಹಾಕಿತ್ತ್, ಬೀಡಿ ಬೆಂಕಿಪಟ್ಣ ಸಿಕ್ತಾ ಅಂದ್ ನಗ್ಯಾಡ್ರ್" ಎಂದು ಈಗ ತಾವೇ ನಗುತ್ತಾರೆ. ಆದರೆ ಮನೆ ತಂಪಾಗಿತ್ತು, ಕಾಲಿಗೆ ಹಲಗೆ ಹಿತವಾಗಿತ್ತು. ಮಳೆ ಶುರುವಾದ ಮೇಲೆ ಮಾತ್ರ ಒಂದು ತೊಂದರೆ ಕಾಣಿಸಿತು. ಪಡುವಣ ಗಾಳಿ ಜೋರಾಗಿ ಬೀಸಿದಾಗ ಪಡು ಗೋಡೆಯ ಸಂದಿಗಳಿಂದ ಉಪ್ಪು ನೀರಿನ ಸಿಂಚನ ಒಳಗೆ ಬರುತ್ತಿತ್ತು.

ಮಂಜಯ್ಯ ಇದನ್ನು ನಿಶ್ಮಿತಾ ಅವರಿಗೆ ಒಮ್ಮೆ ಹೇಳಿದರು. ಬಿಚ್ಚಲು ಬರಬೇಕಾದರೆ ಸಂದಿನಲ್ಲಿ ಅಷ್ಟು ಸಡಿಲ ಇರಲೇಬೇಕು, ಅಳತೆಯಲ್ಲಿ ತಪ್ಪಿಲ್ಲ ಎಂದು ನಿಶ್ಮಿತಾ ಉತ್ತರಿಸಿದರು. ಅದು ನಿಜವೂ ಆಗಿತ್ತು. ಆದರೆ ನಲವತ್ತೊಂದು ದೋಣಿ ಕಟ್ಟಿದ ಮನುಷ್ಯನಿಗೆ ಸಂದಿಯಲ್ಲಿ ನೀರು ನುಗ್ಗುವುದು ಮೈಮೇಲೆ ಮುಳ್ಳು ಆಡಿದಂತೆ.

"ಸಂದ್ಯಗೆ ಬೆಳ್ಕ್ ಕಂಡ್ರೆ ನಂಗೆ ಊಟ ಸೇರ್ತಿಲ್ಲೆ" ಎನ್ನುತ್ತಾರೆ. "ದೋಣಿಯಗೆ ಬೆಳ್ಕ್ ಕಂಡ್ತ್ ಅಂದ್ರೆ ಜನ ಮುಳುಗ್ತ್ರ್ ಅಲ್ದಾ?"

ಮಳೆ ಬಿಟ್ಟ ಎರಡು ಭಾನುವಾರ ಅವರೊಬ್ಬರೇ ಕಿರಿಮಂಜೇಶ್ವರಕ್ಕೆ ಹೋದರು. ಹತ್ತಿಯ ನೂಲು, ರಾಳ, ಹಳೆಯ ಚಪ್ಪಟೆ ಉಳಿ. ಪಡು ಗೋಡೆಯ ಎಂಟು ತುಂಡುಗಳ ಎಲ್ಲ ಸಂದಿಗಳನ್ನೂ ಮೂಲೆಗಳನ್ನೂ ದೋಣಿಯ ಹಾಗೆ ಬಿಗಿದು ಬಂದರು. ಬೆಳ್ಳಿಯವರಿಗೆ ಸಂತೋಷವಾಯಿತು. ಮುಂದಿನ ಮಳೆಗಾಲದ ಮೊದಲ ಗಾಳಿಗೆ ಒಂದು ಹನಿಯೂ ಒಳಗೆ ಬರಲಿಲ್ಲ. ನಿಶ್ಮಿತಾ ಅವರಿಗೆ ಯಾರೂ ಹೇಳಲಿಲ್ಲ.

ಅದೇ ಮಳೆಗಾಲದ ಜುಲೈ ತಿಂಗಳಲ್ಲಿ, ಈಗ್ಗೆ ನಾಲ್ಕು ವರ್ಷದ ಹಿಂದೆ, ಒಂದು ಮುಂಜಾನೆ ಮೋಕ್ಷಿತಾಳ ಫೋನ್ ಬಂತು. ಕಡಲು ಅಂಗಳದ ಎರಡು ತೆಂಗಿನ ಮರ ತೆಗೆದುಕೊಂಡು ಹೋಗಿತ್ತು. ಮನೆಗೂ ನೀರಿಗೂ ನಡುವೆ ಹನ್ನೆರಡು ಹೆಜ್ಜೆ ಉಳಿದಿತ್ತು. ಮಧ್ಯಾಹ್ನ ಮೂರಕ್ಕೆ ಭರತ, ಅಂದರೆ ನೀರು ತುಂಬಿ ಬರುವ ಹೊತ್ತು. ನಿಶ್ಮಿತಾ, ಮಂಜಯ್ಯ, ಕೆಲಸದ ನಾಗ ಮತ್ತು ಉಳಿದವರು ಟೆಂಪೊ ಹಿಡಿದು ಏಳೂವರೆಗೆ ತಲುಪಿದರು. ಮೀನುಗಾರಿಕೆ ರಸ್ತೆಯ ಆಚೆ ಬದಿಗೆ ಬೆಳ್ಳಿಯವರ ಅಣ್ಣನ ಹಿತ್ತಲಿತ್ತು. ಮನೆ ಅಲ್ಲಿಗೆ ಹೋಗಬೇಕು.

ಹಾಗೆ ಬಿಚ್ಚಿದ ಮೊದಲ ಮನೆ ಅದು. ಕೇರಿಯವರು ಸಾಲುಗಟ್ಟಿ ನಿಂತು ಕೈಯಿಂದ ಕೈಗೆ ಹಂಚು ದಾಟಿಸಿದರು. ಒಂಬತ್ತೂವರೆಗೆ ಮನೆಯ ಸೂರು ಬರಿದಾಯಿತು. ಬೆಣೆ ಹಾರಿಸಿದ ಹಾಗೆ ತುಂಡುಗಳು ಒಂದೊಂದಾಗಿ ಸಲೀಸಾಗಿ ಕಳಚಿ ಬಂದವು. ಮೂಡು, ಬಡಗು, ತೆಂಕು, ಒಳಗೋಡೆ ಎಲ್ಲವೂ ಹನ್ನೆರಡು ಗಂಟೆಗೆ ರಸ್ತೆ ದಾಟಿದ್ದವು. ಗೂಡಂಗಡಿ ಎಂದು ನಕ್ಕಿದ್ದವರೇ ಹೊರುತ್ತಿದ್ದರು. ಕೊನೆಗೆ ಪಡು ಗೋಡೆಯೊಂದೇ ಕಡಲಿಗೆ ಮುಖ ಮಾಡಿ ನಿಂತಿತ್ತು. ನಾಗ ಬೆಣೆ ಹಾರಿಸಿದ. ಗೋಡೆ ಅಲುಗಲಿಲ್ಲ.

"ಬೆಣಿ ಎಲ್ಲ ತೆಗ್ದಾಯ್ತಲೆ? ಎಂತಕ್ ಬತ್ತಿಲ್ಲೆ?" ನಿಶ್ಮಿತಾ ಕೇಳಿದರು.

ಮಂಜಯ್ಯ ಗೋಡೆಯ ಸಂದಿಯ ಮೇಲೆ ಕೈಯಿಟ್ಟರು. "ಮೇಡಮ್ಮ, ಅದ್ ಬತ್ತಿಲ್ಲೆ" ಎಂದರು. "ನಾನ್ ದೋಣಿ ಬಿಗ್ದಾಂಗೆ ಬಿಗ್ದಿದೆ. ನೂಲ್ ಹಾಕಿ, ರಾಳ ಹಾಕಿ."

ನಿಶ್ಮಿತಾ ಅವರನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡರೆ ಬೈಯಲಿಲ್ಲ. ಕೇಳಿದ್ದು ಒಂದೇ ಮಾತು. "ದೋಣಿಯಗೆ ಬಿಗ್ದದ್ದನ್ನ ಬಿಚ್ಚುದ್ ಹ್ಯಾಂಗ್ ಮಂಜಣ್ಣ?"

"ಹೊರ್ಗಿಂದ ಕೆರ್ದ್ ತೆಗಿಕ್."

ಹೊರಗೆ ಎಂದರೆ ಕಡಲ ಬದಿ. ಮಂಜಯ್ಯ ಸೊಂಟಕ್ಕೆ ಹಗ್ಗ ಕಟ್ಟಿಕೊಂಡರು, ಅದರ ತುದಿಯನ್ನು ನಾಗ ಹಿಡಿದ. ತುದಿ ಬಾಗಿದ ಉಳಿ ಹಿಡಿದು ಗೋಡೆಯ ಹೊರಮೈಗೆ ಹೋಗಿ, ಬಡಗಿನ ಮೂಲೆಯಿಂದ ಕೆರೆಯತೊಡಗಿದರು. ಒಂದು ವರ್ಷ ಕಳೆಯುವ ಮೊದಲೇ ರಾಳ ಕಲ್ಲಾಗಿತ್ತು. ಅಷ್ಟು ಒಳ್ಳೆಯ ಕೆಲಸ ಮಾಡಿದ್ದಕ್ಕೆ ಅವತ್ತು ತಮ್ಮ ಕೈಯನ್ನೇ ಶಪಿಸಿಕೊಂಡರಂತೆ. ಒಂದು ತುಂಡು ಬಿಟ್ಟಿತು. ಅದನ್ನು ಹೊತ್ತವರು ತಿರುಗಿ ಬರುವಷ್ಟರಲ್ಲಿ ಮತ್ತೊಂದು. ಎರಡೂವರೆಯ ಹೊತ್ತಿಗೆ ಐದು ತುಂಡು ಬಿಡಿಸಿದ್ದರು. ಅಷ್ಟರಲ್ಲಿ ಅಲೆ ಮೊಣಕಾಲಿಗೆ ಬಂದಿತ್ತು. ಒಂದು ದೊಡ್ಡ ಅಲೆ ಅವರನ್ನು ಗೋಡೆಗೆ ಬಡಿದು ಕೆಡವಿತು.

"ಮಂಜಣ್ಣ, ಬಿಡಿ! ಹೋದ್ರೆ ಹೋಯ್ಲಿ ಅದ್! ನೀವ್ ಮೇಲ್ ಬನ್ನಿ!" ನಿಶ್ಮಿತಾ ಕೂಗಿದರು. ನಾಗ ಹಗ್ಗ ಎಳೆದು ಅವರನ್ನು ಮೇಲಕ್ಕೆ ತಂದ.

ಉಳಿದದ್ದು ಮೂರು ತುಂಡು, ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಆಗ ಬೆಳ್ಳಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಬಿಚ್ಚದಿದ್ರೆ ಬ್ಯಾಡ. ಮೂರೂ ಒಟ್ಟಿಗೆ ಎತ್ತುವ" ಎಂದು ರಸ್ತೆಯ ಕಡೆ ತಿರುಗಿ ಗಂಟಲು ಬಿಟ್ಟರು. "ಹ್ವಾಯ್! ಎಲ್ಲ ಬನ್ನಿ ಮಾರಾಯ್ರೆ, ಬೇಗ!"

ಹನ್ನೊಂದು ಜನ ಸೇರಿದರು. ಗೋಡೆಯನ್ನು ಒಳಕ್ಕೆ ಮಗುಚಿ, ಒಂಬತ್ತಡಿ ಅಗಲದ ಆ ಭಾರವನ್ನು ತಲೆ, ಹೆಗಲು, ಕೈ ಕೊಟ್ಟು ಎತ್ತಿದರು. ಮುಂದೆ ಬೆಳ್ಳಿ, ಹಿಂದೆ ಮೋಕ್ಷಿತಾ, ನಡುವೆ ಮೈಯೆಲ್ಲ ಒದ್ದೆಯಾದ ಮಂಜಯ್ಯ. ರಸ್ತೆಯಲ್ಲಿ ಬರುತ್ತಿದ್ದ ರಿಕ್ಷಾ ನಿಂತು ದಾರಿ ಬಿಟ್ಟಿತು. ಸಂಜೆ ಐದಕ್ಕೆ ನೋಡಿದರೆ ಮನೆಯಿದ್ದ ಜಾಗದಲ್ಲಿ ಮೋಟು ಕಂಬಗಳೂ ಇರಲಿಲ್ಲ, ನೆಲದ ಆರು ಹಲಗೆಗಳೂ ಇರಲಿಲ್ಲ. ಮಗುಚುವಾಗ ಮೂಲೆಯ ತುಂಡಿನ ಚೌಕಟ್ಟು ಸೀಳಿತ್ತು. ಉಳಿದ ಮೂವತ್ತಾರು ತುಂಡು ಅಣ್ಣನ ಹಿತ್ತಲಲ್ಲಿ ತಾಡಪಾಲಿನ ಕೆಳಗೆ ಕ್ಷೇಮವಾಗಿದ್ದವು.

ಅವತ್ತು ಟೆಂಪೊದಲ್ಲಿ ಮರಳುವಾಗ ಕುಂದಾಪುರದಲ್ಲಿ ಇಳಿಯುತ್ತಾ ಮಂಜಯ್ಯ, "ನಾಳೆಂದ ನಾನ್ ಬತ್ತಿಲ್ಲೆ ಮೇಡಮ್ಮ" ಎಂದರು.

ನಾಲ್ಕು ದಿನ ಮಂಜಯ್ಯ ಕೋಡಿಯ ಮನೆಯ ಜಗಲಿ ಬಿಟ್ಟು ಏಳಲಿಲ್ಲ. ಮೂರನೆಯ ದಿನ ಹೆಂಡತಿ ಕಮಲ ತಡೆಯಲಾರದೆ ಹೇಳಿದರು. "ಇಲ್ ಕೂಕಂಡ್ ಕಡ್ಲ್ ಕಂಡ್ರೆ ಎಂತ ಆತ್? ಬಿಗುಕೆ ನಿಮ್ಗೆ ಬತ್ತ್. ಬಿಚ್ಚುಕೆ ಬತ್ತಿಲ್ಲೆ. ಬಾರದ್ದ್ ಕಲೀಕ್, ಅಷ್ಟೇ ಅಲ್ದಾ?"

ಐದನೆಯ ದಿನ ನಿಶ್ಮಿತಾ ಕೋಡಿಗೆ ಬಂದರು. ಕಮಲ ಕೊಟ್ಟ ಚಾ ಕುಡಿದು ಮುಗಿಸಿದರು. ಆಮೇಲೆ ಹೇಳಿದರು. "ಮುಚ್ಚಿಟ್ಟದ್ದಕ್ಕೆ ನಂಗೆ ಸಿಟ್ಟ್ ಇತ್ತ್ ಮಂಜಣ್ಣ. ಸುಳ್ಳ್ ಹೇಳ್ತಿಲ್ಲೆ. ಆದ್ರೆ ನೀರ್ ಬತ್ತಿತ್ ಅಂದ್ ನೀವ್ ಹೇಳಿದ್ರಿ, ನಾನ್ ಕೇಣ್ಲಿಲ್ಲೆ. ಅದೂ ಸಮ." ಲೋಟ ಕೆಳಗಿಟ್ಟು ಮುಂದುವರಿಸಿದರು. "ನೀರೂ ಬಪ್ಪುಕಾಗ, ಬಿಚ್ಚುಕೂ ಬರ್ಕ್. ಹಾಂಗಿಪ್ಪ ಸಂದ್ ಮಾಡುದ್ ನಂಗೆ ಗೊತ್ತಿಲ್ಲೆ. ನಿಮ್ಗ್ ಮಾತ್ರ ಆಪುದ್."

ಮರುದಿನ ಬೆಳಿಗ್ಗೆ ಮಂಜಯ್ಯ ಮತ್ತೆ ಕೋಟದ ಬಸ್ಸು ಹತ್ತಿದರು. ಮೊದಲು ಮಾಡಿದ್ದು ಸೀಳಿದ ಮೂಲೆಯ ತುಂಡಿನ ಬದಲಿಗೆ ಹೊಸದು. ಎರಡೇ ದಿನ ಹಿಡಿಯಿತು. ಎಲ್ಲ ತುಂಡಿಗೂ ಒಂದೇ ಅಳತೆಯಾದ್ದರಿಂದ ಅದು ಹೋಗಿ ತನ್ನ ಜಾಗದಲ್ಲಿ ಒಪ್ಪವಾಗಿ ಕೂತಿತು. ಅಂಟಿಕೊಂಡಿದ್ದ ಉಳಿದೆರಡನ್ನು ಅವಸರವಿಲ್ಲದೆ ಕೆರೆದು ಬಿಡಿಸಿದರು. ಬೆಳ್ಳಿಯವರ ಮನೆ ಹೊಸ ಜಾಗದಲ್ಲೂ ರಸ್ತೆಗೇ ಮುಖ ಮಾಡಿ, ಅಂದರೆ ಈಗ ಪಡುವಿಗೆ ತಿರುಗಿ ನಿಂತಿತು. ಹಾಗಾಗಿ ಆ ಮನೆಯ ಪಡು ಗೋಡೆ ಈಗ ಮೂಡಿಗಿದೆ. ಬೆಳ್ಳಿಯವರು ಮಾತ್ರ ಅದನ್ನು ಇವತ್ತಿಗೂ ಪಡು ಗೋಡೆಯೆಂದೇ ಕರೆಯುತ್ತಾರೆ.

ಆಮೇಲೆ ಸಂದಿನ ಕೆಲಸ. ರಬ್ಬರ್ ಪಟ್ಟಿ ಹಾಕಿ ನೋಡಿದರು, ಉಪ್ಪು ಗಾಳಿಗೆ ಅದು ಬಿರುಕು ಬಿಡುತ್ತಿತ್ತು. ಬರಿಯ ಹತ್ತಿಯ ನೂಲು ಒದ್ದೆಯಾಗಿ ಕೊಳೆಯುತ್ತಿತ್ತು. ಕೊನೆಗೆ ಮನೆಯಲ್ಲಿ ಕಮಲ ತೊಡೆಯ ಮೇಲೆ ತೆಂಗಿನ ನಾರು ಹೊಸೆಯುತ್ತಿರುವುದನ್ನು ನೋಡುತ್ತಾ ಕೂತಿದ್ದಾಗ ಹೊಳೆಯಿತು. ಕಿರುಬೆರಳ ಗಾತ್ರದ ಮೆತ್ತನೆಯ ನಾರಿನ ಹಗ್ಗ, ಎಲ್ಲೂ ಗಂಟಿಲ್ಲದ್ದು. ಅದನ್ನು ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿ ಮೂರು ದಿನ ನೆನೆಸಿದರು. ಹಿಂದೆ ದೋಣಿಯ ಅಡಿಗೆ ಬಳಿಯುತ್ತಿದ್ದ ಎಣ್ಣೆಯೇ ಅದು, ಹುಳ ಹತ್ತಿರ ಸುಳಿಯುವುದಿಲ್ಲ. ಹಗ್ಗವನ್ನು ಸಂದಿನೊಳಗೆ ಮೇಲಿನಿಂದ ಕೆಳಗಿನವರೆಗೆ ಅದುಮಿ, ಮೇಲೆ ಒಂದು ಪಟ್ಟಿ ಕೊಟ್ಟು ಬೆಣೆ ಹೊಡೆದರೆ ನೀರು ನುಗ್ಗುವುದಿಲ್ಲ. ಬಿಚ್ಚಬೇಕಾದಾಗ ಬೆಣೆ ಹಾರಿಸಿ ಪಟ್ಟಿ ತೆಗೆದು, ಕೆಳಗೆ ಗೇಣುದ್ದ ಬಿಟ್ಟಿರುವ ತುದಿಯನ್ನು ಎಳೆದರೆ ಇಡೀ ಹಗ್ಗ ಒಂದೇ ಎಳೆತಕ್ಕೆ ಹೊರಗೆ ಬರುತ್ತದೆ.

ಗಿರಣಿಯ ಅಂಗಳದಲ್ಲಿ ಎರಡು ತುಂಡು ಜೋಡಿಸಿ ಪಂಪಿನಿಂದ ಎರಡು ಗಂಟೆ ನೀರು ಹೊಡೆದರು. ಹಿಂದೆ ಕಾಗದ ಹಿಡಿದು ನಿಂತಿದ್ದ ನಿಶ್ಮಿತಾ ಅವರ ಕಾಗದ ಒಣಗಿಯೇ ಇತ್ತು. ಬೆಣೆ, ಪಟ್ಟಿ ತೆಗೆದ ಮೇಲೆ ಅವರೇ ಬಗ್ಗಿ ತುದಿ ಹಿಡಿದು ಎಳೆದರು. ಹಗ್ಗ ಸರ್ರನೆ ಬಂತು, ತುಂಡು ಕಳಚಿ ಪಕ್ಕಕ್ಕೆ ವಾಲಿತು. ಕೆಲಸದವರು ಆ ತುದಿಗೆ 'ಮಂಜಣ್ಣನ ಬಾಲ' ಎಂದು ಹೆಸರಿಟ್ಟರು. ಇವತ್ತು ಹೊಸ ಮನೆಗಳ ಎಲ್ಲ ಸಂದಿಗಳ ಬುಡದಲ್ಲೂ ಆ ಬಾಲ ಇಣುಕುತ್ತದೆ. ಮೊದಲ ಮನೆಗಳಿಗೂ ಹೋಗಿ ಹಾಕಿಕೊಟ್ಟು ಬಂದಿದ್ದಾರೆ. ಹಗ್ಗ ಹೊಸೆಯುವುದು ಕೋಡಿಯಲ್ಲಿ ಕಮಲ ಮತ್ತು ನೆರೆಯ ಇಬ್ಬರು ಹೆಂಗಸರು. ಒಂದು ಮನೆಗೆ ಮುನ್ನೂರ ಇಪ್ಪತ್ತು ಅಡಿ ಬೇಕು.

ಮಂಜಯ್ಯನವರ ಬೆರಳ ತುದಿಗಳು ಗೇರೆಣ್ಣೆಗೆ ಸುಲಿದು ಕಪ್ಪಾಗಿವೆ. ಕೈಗವಸು ಹಾಕಿಕೊಳ್ಳಿ ಎಂದು ನಿಶ್ಮಿತಾ ಬೈಯುತ್ತಲೇ ಇರುತ್ತಾರೆ. ಮಂಜಯ್ಯ ಅವರೆದುರು ಹಾಕಿಕೊಂಡು, ಅವರು ಆಚೆ ಹೋದ ಮೇಲೆ ತೆಗೆದಿಡುತ್ತಾರೆ. "ಗವಸಿನ ಒಳ್ಗಿಂದ ಸಂದ್ ಗೊತ್ತಾತಿಲ್ಲೆ" ಎಂಬುದು ಅವರ ವಾದ. ಬೆನ್ನು ಮೊದಲಿನಂತಿಲ್ಲ. ಮೇಲಿನ ತೊಲೆ ಹತ್ತುವುದನ್ನು ಈಗ ನಾಗನಿಗೆ ಬಿಟ್ಟಿದ್ದಾರೆ. ಹತ್ತುಗಂಟೆಗೆ ಎಲ್ಲರೂ ಅವಲಕ್ಕಿ ತಿನ್ನುವಾಗ ಹತ್ತು ನಿಮಿಷ ಹಲಗೆಯ ಮೇಲೆ ಅಂಗಾತ ಮಲಗುತ್ತಾರೆ. ಯಾರಾದರೂ ಕೆಲಸ ಏನೆಂದು ಕೇಳಿದರೆ ಉತ್ತರಿಸಲು ಇವತ್ತಿಗೂ ತಡವರಿಸುತ್ತಾರೆ. ದೋಣಿ ಕಟ್ಟುವವರೆಂದರೆ ಸುಳ್ಳಾಗುತ್ತದೆ, ಮನೆ ಕಟ್ಟುವವರೆಂದರೆ ಜನ ಸಿಮೆಂಟಿನ ಲೆಕ್ಕ ಕೇಳುತ್ತಾರೆ. "ಕೋಟದಗೆ ಕೆಲ್ಸ" ಎಂದು ಹೇಳಿ ಪಾರಾಗುತ್ತಾರೆ.

ಈ ವರ್ಷ ಮೇ ತಿಂಗಳಲ್ಲಿ ಬೆಳ್ಳಿಯವರ ಹಳೆಯ ನೆರೆಯವರಾದ ಸೀತು, ಮಳೆ ಬರುವ ಮೊದಲೇ ತಮ್ಮ ಮನೆಯನ್ನು ರಸ್ತೆಯ ಆಚೆಗೆ ಸಾಗಿಸಿದರು. ಸೀತು ಮೀನು ಒಣಗಿಸುವವರು. ಅವರದು ಹನ್ನೊಂದನೆಯ ಮನೆ, ಬಾಲ ಇರುವಂಥದ್ದು. ಬೆಳ್ಳಿ, ಮೋಕ್ಷಿತಾ ಸೇರಿ ಏಳು ಹೆಂಗಸರು, ಇಬ್ಬರು ಗಂಡಸರು. ಬಿಚ್ಚಿ ಹೊತ್ತದ್ದು ಒಂದು ದಿನ, ಮೋಟು ಕಂಬ ನೆಟ್ಟು ಗೀರು ಎಣಿಸಿ ಮತ್ತೆ ನಿಲ್ಲಿಸಿದ್ದು ನಾಲ್ಕು ದಿನ. ಎಲ್ಲ ಮುಗಿದ ಮೇಲೆ ಸೀತು ಫೋನ್ ಮಾಡಿ, ಬರುವ ಭಾನುವಾರ ಮನೆ ಒಕ್ಕಲು, ನೀವಿಬ್ಬರೂ ಊಟಕ್ಕೆ ಬರಬೇಕು ಎಂದರು.

ಮಂಜಯ್ಯನವರಿಗೆ ಎರಡು ದಿನ ಮನಸ್ಸು ಸರಿಯಿರಲಿಲ್ಲ. ಅದನ್ನು ಅವರು ಒಪ್ಪಿಕೊಳ್ಳುತ್ತಾರೆ. "ಒಂದ್ ಮಾತ್ ಹೇಳಿದ್ರೆ ಬತ್ತಿದ್ದೆ ಅಲ್ದಾ? ನಾನ್ ಬ್ಯಾಡ ಆಯ್ತಾ ಅಂದ್ ಕಂಡ್ತ್." ಕಮಲ ನಕ್ಕು ಬಿಟ್ಟಿದ್ದರು. "ಬ್ಯಾಡ ಆಪುಕೇ ಅಲ್ದಾ ನೀವ್ ಇಷ್ಟ್ ವರ್ಷ ತಲಿ ಕೆಡ್ಸ್ಕಂಡದ್?" ಎಂದಿದ್ದರು. ಮಂಜಯ್ಯ ಬಿಳಿ ಅಂಗಿಯನ್ನು ಇಸ್ತ್ರಿಗೆ ಕೊಟ್ಟರು. ಹೋಗುವುದಂತೂ ಹೋಗಬೇಕಲ್ಲ.

ಭಾನುವಾರ ಹನ್ನೊಂದು ಗಂಟೆಗೆ ಗಂಡ ಹೆಂಡತಿ ಕಿರಿಮಂಜೇಶ್ವರದಲ್ಲಿ ಬಸ್ಸಿಳಿದು ಪಡುವಿನ ಕಡೆಗೆ ನಡೆಯುತ್ತಾರೆ. ಮಂಜಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದಾರೆ. ತೆಂಗಿನ ಮರಗಳ ನಡುವೆ ಸೀತುವಿನ ಮನೆ ಕಾಣಿಸಿದಾಗ ಅವರ ನಡಿಗೆ ನಿಧಾನವಾಗುತ್ತದೆ. ಮನೆ ನೆಟ್ಟಗೆ ನಿಂತಿದೆ. ಬಾಗಿಲಿಗೆ ಮಾವಿನೆಲೆ ಕಟ್ಟಿದ್ದಾರೆ. ಒಳಗಿನಿಂದ ಕಾಯಿರಸದ ಪರಿಮಳ, ಹೆಂಗಸರ ನಗು. ಸೀತು ಕೈಯೊರಸಿಕೊಳ್ಳುತ್ತಾ ಹೊರಗೆ ಬರುತ್ತಾರೆ. ಮುಖದಲ್ಲಿ ಸ್ವಲ್ಪ ಅಳುಕು.

"ಮಂಜಣ್ಣ, ಬನ್ನಿ. ನಾವ್ ನಾವೇ ಕಟ್ಟಿತ್. ಒಂದ್ ಸುತ್ ಬಂದ್ ಕಾಣಿ, ತಪ್ಪಿದ್ರೆ ಈಗ್ಳೇ ಹೇಳಿ."

ಹಿಂದಿನಿಂದ ಬೆಳ್ಳಿಯವರೂ ಇಣುಕಿ ನೋಡುತ್ತಾರೆ. ಮಂಜಯ್ಯ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತುತ್ತಾರೆ. ಗೋಡೆಯ ಕಡೆ ತಿರುಗಿಯೂ ನೋಡದೆ ಒಳಗೆ ಹೋಗಿ, ಹಾಸಿದ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಾರೆ.

"ಕಾಂಬುದ್ ಎಂತ ಸೀತು? ನಾನ್ ಉಂಬುಕೆ ಬಂದದ್. ಬಡ್ಸಿ."